ಸಿಸ್ಟರ್ ನಿದ್ದೆಯ ಲೆಕ್ಕ

ನಸುಕಿನ ನಾಲ್ಕು ಗಂಟೆ. ಗಂಗಾವತಿಯೋ ಕುಷ್ಟಗಿಯೋ, ಆಸ್ಪತ್ರೆಯ ವಾರ್ಡಿನಿಂದ ಕೂಗು ಬರುತ್ತದೆ: ‘ಸಿಸ್ಟರ್, ಬಾಟ್ಲಿ ಖಾಲಿ ಆಗೇತ್ರೀ!’ ಕೇಸ್ ಶೀಟ್ ಬರೆಯುತ್ತಿದ್ದವರು ಪೆನ್ನು ಅಲ್ಲೇ ಬಿಟ್ಟು ಓಡುತ್ತಾರೆ. ಬೆಳಗ್ಗೆ ಡ್ಯೂಟಿ ಒಪ್ಪಿಸುವಾಗ ರೋಗಿಯ ಬಿಪಿ, ಜ್ವರ, ಇಂಜೆಕ್ಷನ್ ಎಲ್ಲಕ್ಕೂ ಲೆಕ್ಕವಿರುತ್ತದೆ. ಬರೆದವರ ನಿದ್ದೆಗೆ ಮಾತ್ರ ಡ್ಯೂಟಿ ಪುಸ್ತಕದಲ್ಲಿ ಕಾಲಂ ಇಲ್ಲ.

ನಿದ್ದೆ ಕೆಟ್ಟರೆ ಮನಸ್ಸೂ ದಣಿಯುತ್ತದೆ. ಮನಸ್ಸಿನ ಆರೋಗ್ಯದ ಮಾತು ಈ ಕೊಪ್ಪಳ ಸೀಮೆಗೆ ಹೊಸತೇನಲ್ಲ. ಪಕ್ಕದ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್ ಜಿಲ್ಲಾ ಮಟ್ಟದ ಪ್ರಯೋಗ ನಡೆಸಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೇ ತರಬೇತಿ ಕೊಟ್ಟದ್ದು ಅದರ ಹೆಚ್ಚುಗಾರಿಕೆ. 1996ರಲ್ಲಿ ದೇಶ ಅದೇ ಮಾದರಿಯನ್ನು ಹಿಡಿಯಿತು.

ಈಗ ಫೋನಿನ ಕಾಲ.

2022ರ ಅಕ್ಟೋಬರ್ 10ರಂದು ಮನಸ್ಸಿನ ಆರೋಗ್ಯಕ್ಕೆಂದೇ ಟೆಲಿ-ಮಾನಸ್ ಸಹಾಯವಾಣಿ ಶುರುವಾಯಿತು. 2024ರಲ್ಲಿ ಅದರ ಆ್ಯಪ್ ಕೂಡ ಬಂತು. ನೈಟ್ ಡ್ಯೂಟಿಯವರಿಗೆ ಇದು ಒಗ್ಗಬೇಕು: ರಜೆ ಹಾಕುವುದು ಬೇಡ, ಚೀಟಿ ಹಿಡಿದು ಸಾಲಲ್ಲಿ ನಿಲ್ಲುವುದೂ ಬೇಡ. ಆದರೂ ಕೈ ಹಿಂಜರಿಯುತ್ತದೆ. ಯಲಬುರ್ಗಾದಂಥ ಊರಲ್ಲಿ ಎಲ್ಲರೂ ಪರಿಚಿತರೇ, ‘ಮೇಲಿನವರಿಗೆ ಗೊತ್ತಾದರೆ?’ ಎಂಬ ಅಳುಕು ಸುಳ್ಳಲ್ಲ. ದಿನವಿಡೀ ಆನ್‌ಲೈನ್ ವರದಿ ತುಂಬಿದವರಿಗೆ ಇನ್ನೊಂದು ಆ್ಯಪ್ ಅಂದರೆ ಇನ್ನೊಂದು ಕೆಲಸ, ಅಷ್ಟೇ! ಗುಟ್ಟು ಉಳಿಯುತ್ತದೆಂಬ ಭರವಸೆಯನ್ನು ಆಸ್ಪತ್ರೆಯೇ ಕೊಡಬೇಕು. ಎರಡು ವಾರ್ಡಿಗೆ ಒಬ್ಬರನ್ನೇ ನಿಲ್ಲಿಸಿ ಆ್ಯಪ್ ತೋರಿಸಿದರೆ ಅದು ಬರೀ ಬಾಯಿಮಾತಿನ ಉಪಚಾರ.

ಕೊಪ್ಪಳದ ಯಾವ ಮೂಲೆಯಿಂದಾದರೂ ಕರೆ ಮಾಡಬಹುದಾದ ಆ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.