ಸುಳ್ಳನ್ನು ಹೊಟ್ಟೆಗೆ ಹಾಕಿಕೊಂಡ ನಾಯಕ

ನೋಡಿ ವೀಕ್ಷಕರೇ, 2004ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ದಿ ಅಪ್ರೆಂಟಿಸ್’ ಅನ್ನೋ ಶೋ ಶುರುವಾಯ್ತು. 16 ಸ್ಪರ್ಧಿಗಳು. ಗೆದ್ದವರಿಗೆ ಡೊನಾಲ್ಡ್ ಟ್ರಂಪ್ ಕಂಪನಿಯಲ್ಲಿ ಕೆಲಸ. ಮೊದಲ ಟಾಸ್ಕ್ ಏನು ಗೊತ್ತಾ? ನ್ಯೂಯಾರ್ಕ್ ಬೀದಿಯಲ್ಲಿ ನಿಂಬೆ ಪಾನಕ ಮಾರೋದು!

ಫೈನಲ್‌ಗೆ ಉಳಿದವರು ಬಿಲ್ ರಾನ್ಸಿಕ್ ಮತ್ತು ಕ್ವಾಮೆ ಜಾಕ್ಸನ್. ಕ್ವಾಮೆ ಹಾರ್ವರ್ಡ್‌ನಲ್ಲಿ ಎಂಬಿಎ ಓದಿದವರು. ಅಟ್ಲಾಂಟಿಕ್ ಸಿಟಿಯಲ್ಲಿ ಗಾಯಕಿ ಜೆಸ್ಸಿಕಾ ಸಿಂಪ್ಸನ್ ಕಾರ್ಯಕ್ರಮ ನಡೆಸೋ ಹೊಣೆ ಅವರದ್ದು. ಶೋನಿಂದ ಮೊದಲೇ ಹೊರಬಿದ್ದಿದ್ದ ಸ್ಪರ್ಧಿಗಳೇ ಸಹಾಯಕರು. ಅವರಲ್ಲೊಬ್ಬರಾದ ಒಮರೋಸಾ, ಒಂದು ಫೋನ್ ಕರೆಯ ಬಗ್ಗೆ ಸುಳ್ಳು ಹೇಳಿದರು. ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಆದರೂ ಕ್ವಾಮೆ ಆಕೆಯನ್ನು ಟೀಮ್‌ನಿಂದ ಕೈಬಿಡಲಿಲ್ಲ. ಗೆದ್ದವರು ಬಿಲ್.

‘ಪಾಪ, ಸುಳ್ಳು ಹೇಳಿದ್ದು ಕ್ವಾಮೆ ಅಲ್ಲವಲ್ಲ’ ಅಂತೀರಾ? ನಿಜ, ಅವರು ಪ್ರಾಮಾಣಿಕರೇ. ಸೋಲಿಗೆ ಇದೊಂದೇ ಕಾರಣ ಅಂತಾನೂ ನಾನು ಹೇಳಲ್ಲ. ಆದರೆ ನಾಯಕನ ಪ್ರಾಮಾಣಿಕತೆ ಅವನೊಬ್ಬನ ಬಾಯಿಗೆ ಮುಗಿಯಲ್ಲ. ತಂಡದವರು ಕೊಡೋ ಮಾಹಿತಿ ನಂಬಿಯೇ ಅವನು ಮುಂದಿನ ಹೆಜ್ಜೆ ಇಡಬೇಕು. ಅದೇ ಸುಳ್ಳಾದರೆ, ನಿಯತ್ತಾಗಿ ದುಡಿದ ಉಳಿದವರ ಬೆವರೂ ನೀರುಪಾಲು. ಒಬ್ಬರನ್ನು ನೋಯಿಸಬಾರದು ಅಂತ ಸುಮ್ಮನಿದ್ದರೆ ಅದು ಟೀಮ್‌ವರ್ಕ್ ಅಲ್ಲ, ದಾಕ್ಷಿಣ್ಯ. ದಾಕ್ಷಿಣ್ಯದಿಂದ ವ್ಯಾಪಾರ ನಡೆಯಲ್ಲ ಸ್ವಾಮಿ. ದುಡ್ಡಿನ ಲೆಕ್ಕದ ಹಾಗೆ ಮಾತಿನ ಲೆಕ್ಕವೂ ಅವತ್ತೇ ಚುಕ್ತಾ ಆಗಬೇಕು.