ಕಾಗೆಯ ಸ್ನೇಹ ಮತ್ತು ಶ್ರಾವಕನ ವಿವೇಕ

(ಪಂಚಕಲ್ಯಾಣ ಮಹೋತ್ಸವದ ಅಂಗವಾಗಿ ಮಂಗಳೂರಿನಲ್ಲಿ ನಡೆದ ಧಾರ್ಮಿಕ ಸಭೆಯ ಉಪನ್ಯಾಸದ ಬರಹರೂಪ)



ಜಿನಬಿಂಬ ಪ್ರತಿಷ್ಠೆಯಂತಹ ಪುಣ್ಯಸಂದರ್ಭದಲ್ಲಿ ಕಾಗೆಯ ವಿಚಾರವನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನವಿಲಿನ ಗರಿ ಮುನಿಗಳ ಕೈಯ ಪಿಂಛಿಯಾಗಿದೆ. ಚಕ್ರವಾಕವು ಸುಮತಿನಾಥ ತೀರ್ಥಂಕರರ ಲಾಂಛನವಾಗಿದೆ. ಕಾಗೆಗೆ ಅಂತಹ ಯಾವ ಗೌರವವೂ ದೊರೆತಿಲ್ಲ. ಆದರೆ ಜೈನಶಾಸ್ತ್ರಗಳು ಕಾಗೆಯನ್ನು ಮರೆತಿಲ್ಲ. ಮಗಧದ ಶ್ರೇಣಿಕ ಮಹಾರಾಜನ ಭವಾವಳಿಯ ತಿರುವು ಒಂದು ಕಾಗೆಯ ವ್ರತದ ಮೇಲೆ ನಿಂತಿದೆ. ಮುನಿಗಳ ಆಹಾರಚರ್ಯೆಯ ನಿಯಮಗಳಲ್ಲಿ ಕಾಗೆಯ ಹೆಸರು ಎರಡು ಬಾರಿ ಬರುತ್ತದೆ. ಆ ಎರಡು ವಿಷಯಗಳನ್ನು ಮುಂದೆ ನೋಡಬಹುದು. ಮೊದಲು ಮಂಗಳೂರಿನ ಮನೆಯಂಗಳದಿಂದಲೇ ಆರಂಭಿಸುವುದು ಯುಕ್ತ.

ಈ ನಗರದ ಹಂಚಿನ ಮಾಡಿನ ಹಳೆಯ ಮನೆಗಳಲ್ಲಿಯೂ, ಈಗಿನ ಬಹುಮಹಡಿ ವಸತಿಗಳ ಕಿಟಕಿಗಳಲ್ಲಿಯೂ ಬೆಳಗಿನ ಹೊತ್ತು ಒಂದು ಹಿಡಿ ಅನ್ನವನ್ನೋ ಒಂದು ತುಂಡು ದೋಸೆಯನ್ನೋ ಕಾಗೆಗೆಂದು ಇಡುವ ರೂಢಿ ಇದೆ. ಕೆಲವರು ಪಿತೃಗಳ ಹೆಸರಿನಲ್ಲಿ ಇಡುತ್ತಾರೆ. ಕರ್ಮಸಿದ್ಧಾಂತವನ್ನು ಬಲ್ಲ ಜೈನರಿಗೆ ಆ ಕಾರಣ ಒಪ್ಪತಕ್ಕದ್ದಲ್ಲ. ಗತಿಸಿದ ಜೀವವು ತನ್ನ ಕರ್ಮಾನುಸಾರ ಬೇರೊಂದು ಗತಿಗೆ ಸಂದ ಬಳಿಕ ಕಾಗೆಯ ಕೊಕ್ಕಿನ ಮೂಲಕ ಅದಕ್ಕೆ ಅನ್ನ ಮುಟ್ಟುವುದೆಂತು? ಆದರೆ ಜೈನಮನೆಗಳಲ್ಲಿ ಬಹುಮಂದಿ ಇಡುವುದು ಕೇವಲ ಕರುಣೆಯಿಂದ. ಮನೆಯಲ್ಲಿ ಒಂಟಿಯಾಗಿರುವ ವೃದ್ಧರಿಗೆ ಅದು ದಿನದ ಮೊದಲ ಮಾತುಕತೆಯೂ ಹೌದು. ಈ ಕರುಣೆಯನ್ನು ಹಗುರವಾಗಿ ನೋಡುವುದು ಸಲ್ಲದು.

ಕಾಗೆಯ ಸ್ನೇಹ ಬೆಳೆಯುವ ಬಗೆ ನೋಡತಕ್ಕದ್ದು. ಮೊದಲ ದಿನ ಅದು ತೆಂಗಿನ ಗರಿಯ ಮೇಲೆ ಕುಳಿತು ತುತ್ತಿಗಿಂತ ಹೆಚ್ಚಾಗಿ ಇಟ್ಟ ಕೈಯನ್ನು ಪರೀಕ್ಷಿಸುತ್ತದೆ. ಮನುಷ್ಯ ಒಳಗೆ ಹೋದ ಮೇಲೆ ಬಂದು, ಅಡ್ಡಡ್ಡವಾಗಿ ಕುಪ್ಪಳಿಸಿ, ಕಚ್ಚಿಕೊಂಡು ಹಾರುತ್ತದೆ. ಕೆಲವು ವಾರಗಳಲ್ಲಿ ಹೊತ್ತನ್ನು ಕಲಿಯುತ್ತದೆ. ಕೆಲವು ತಿಂಗಳುಗಳಲ್ಲಿ ಮುಖವನ್ನು ಕಲಿಯುತ್ತದೆ. ತುಳುವಿನಲ್ಲಿ ‘ಕಕ್ಕೆ’ ಎನಿಸಿಕೊಂಡ ಈ ಊರಕಾಗೆ ಬೂದುಬಣ್ಣದ ಕತ್ತಿನದು. ಮೈಯೆಲ್ಲ ಕಪ್ಪಾದ ಕಾಡುಕಾಗೆ ಬೇರೆ. ಊರಕಾಗೆಗೆ 1817ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಯೆಯೊ ಇಟ್ಟ ಲ್ಯಾಟಿನ್ ಹೆಸರಿನ ಅರ್ಥ ‘ಹೊಳೆಯುವ ಕಾಗೆ’ ಎಂದು. ಬೆಳಗಿನ ಬಿಸಿಲಿನಲ್ಲಿ ಅದರ ರೆಕ್ಕೆಯನ್ನು ನೋಡಿದವರಿಗೆ ಹೆಸರು ತಪ್ಪೆನಿಸದು.

ಕಾಗೆ ಮುಖವನ್ನು ಗುರುತಿಸುತ್ತದೆ ಎಂಬುದು ಅಜ್ಜಿಕಥೆಯಲ್ಲ. ಅಮೆರಿಕೆಯ ಸಿಯಾಟಲ್ ನಗರದ ವಿಶ್ವವಿದ್ಯಾನಿಲಯದಲ್ಲಿ ಜಾನ್ ಮಾರ್ಜ್‌ಲಫ್ ಎಂಬ ವಿದ್ವಾಂಸರು 2006ರಲ್ಲಿ, ಆ ದೇಶದ ಕಾಗೆಗಳ ಮೇಲೆ ಒಂದು ಪರೀಕ್ಷೆ ನಡೆಸಿದರು. ಮುಖವಾಡ ಧರಿಸಿ ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಗುರುತಿನ ಬಳೆ ತೊಡಿಸಿ, ನೋಯಿಸದೆ ಬಿಟ್ಟರು. ಮುಂದೆ ಆ ಮುಖವಾಡ ತೊಟ್ಟು ನಡೆದವರನ್ನೆಲ್ಲ ಕಾಗೆಗಳು ಗುಂಪುಗೂಡಿ ಗದರಿಸತೊಡಗಿದವು. ಬೇರೆ ಮುಖವಾಡಕ್ಕೆ ಆ ಗದ್ದಲವಿರಲಿಲ್ಲ. ವರ್ಷಗಳು ಉರುಳಿದರೂ ಅದು ನಿಲ್ಲಲಿಲ್ಲ. ಹಿಡಿಯುವುದನ್ನು ಕಣ್ಣಾರೆ ಕಾಣದ ಕಾಗೆಗಳೂ ಇತರ ಕಾಗೆಗಳಿಂದ ಕಲಿತು ಗದರಿಸಿದವು. ಹಗೆಯನ್ನು ಇಷ್ಟು ದೀರ್ಘಕಾಲ ನೆನಪಿಡುವ ಜೀವಿ ತುತ್ತಿನ ಋಣವನ್ನು ಮರೆತೀತೇ?

ಅದೇ ನಗರದ ಬಾಲಕಿಯೊಬ್ಬಳ ವಾರ್ತೆ 2015ರಲ್ಲಿ ಲೋಕವೆಲ್ಲ ಹರಡಿತು. ಅವಳು ದಿನವೂ ಆಹಾರವಿಡುತ್ತಿದ್ದ ತಟ್ಟೆಯಲ್ಲಿ ಕಾಗೆಗಳು ಗುಂಡಿ, ಮಣಿ, ಲೋಹದ ಚೂರು ಮುಂತಾದುವನ್ನು ಬಿಟ್ಟುಹೋಗುತ್ತಿದ್ದುವಂತೆ. ಓದಿದವರೆಲ್ಲ ಮೆಚ್ಚಿದರು. ಆದರೆ ಅದೇ ವರ್ಷ ನೆರೆಯವರು ಹಿಕ್ಕೆ, ಗದ್ದಲ, ಇಲಿಗಳ ಕಾಟದ ದೂರು ಹೊತ್ತು ನ್ಯಾಯಾಲಯದ ಮೆಟ್ಟಿಲೇರಿದರೆಂಬ ಉತ್ತರಾರ್ಧವು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಕಾಗೆಯ ಸ್ನೇಹದ ಕಥೆಗಳನ್ನು ಹೇಳುವವರು ಸಾಮಾನ್ಯವಾಗಿ ಪೂರ್ವಾರ್ಧದಲ್ಲಿಯೇ ನಿಲ್ಲಿಸುತ್ತಾರೆ.

ಆ ಉತ್ತರಾರ್ಧಕ್ಕಾಗಿ ಸಿಯಾಟಲ್‌ವರೆಗೆ ಹೋಗಬೇಕಾಗಿಲ್ಲ. ಒಂದು ಕಾಗೆಗೆ ಇಟ್ಟಲ್ಲಿ ಹತ್ತು ಬರುತ್ತವೆ, ಏಕೆಂದರೆ ತಿನಿಸು ಕಂಡ ಕಾಗೆ ಬಳಗವನ್ನು ಕರೆಯುತ್ತದೆ. ಇಟ್ಟವರಿಗೆ ಅವು ಅತಿಥಿಗಳು. ಪಕ್ಕದ ಮನೆಯಲ್ಲಿ ಹಪ್ಪಳ ಒಣಗಿಸುವವರಿಗೆ ಹಾಗಲ್ಲ. ಮಳೆಗಾಲಕ್ಕೆ ಮುಂಚೆ ಅಂಗಳದ ಮಾವಿನ ಮರದಲ್ಲಿಯೇ ಗೂಡು ಕಟ್ಟಿದುವಾದರೆ, ಮರಿ ಹೊರಬರುವ ದಿನಗಳಲ್ಲಿ ದಾರಿಹೋಕರ ತಲೆಗೆ ಎರಗುತ್ತವೆ. ಮುಖ ಬಲ್ಲ ಯಜಮಾನನ ತಲೆ ಸುರಕ್ಷಿತ, ಅಂಚೆಯವನದಲ್ಲ. ಇವೆಲ್ಲ ಸಹಿಸತಕ್ಕ ಸಣ್ಣ ತೊಂದರೆಗಳು. ಸಹಿಸಲಾಗದ ಸಂಗತಿ ಬೇರೊಂದಿದೆ.

ಕಾಗೆ ಸರ್ವಭಕ್ಷಕ. ಅನ್ನದ ಅಗುಳಿನೊಡನೆ ಪಿಕಳಾರದ ಮೊಟ್ಟೆ, ಗುಬ್ಬಿಯ ಮರಿ, ಓತಿ, ಕಪ್ಪೆ ಎಲ್ಲವೂ ಅದಕ್ಕೆ ಆಹಾರ. ತುತ್ತಿನ ಆಸೆಗೆ ಇಪ್ಪತ್ತು ಕಾಗೆಗಳು ನಿತ್ಯ ಕಾಯುವ ಅಂಗಳದಲ್ಲಿ ದಾಸವಾಳದ ಪೊದೆಯೊಳಗಿನ ಸೂರಕ್ಕಿಯ ಗೂಡು ಉಳಿಯುವುದು ದುಸ್ತರ. ಕಾಗೆಗೆ ಹಾಕಿದ ಹಿಡಿ ಅನ್ನದ ಲೆಕ್ಕ ಎಲ್ಲರೂ ಇಡುತ್ತಾರೆ. ಬರಿದಾದ ಆ ಗೂಡಿನ ಲೆಕ್ಕ ಇಡುವವರಿಲ್ಲ. ಕಾಗೆ ತನ್ನ ಸ್ವಭಾವದಂತೆ ನಡೆಯಿತು, ಅದರಲ್ಲಿ ಅದರ ದೋಷವೇನು ಎಂದು ಕೇಳಬಹುದು. ದೋಷ ಕಾಗೆಯದೆಂದು ಯಾರೂ ಹೇಳುತ್ತಿಲ್ಲ. ಪ್ರಶ್ನೆ ಇರುವುದು, ಅದನ್ನು ಗುಂಪಾಗಿ ಅಲ್ಲಿಗೆ ಕರೆದವರು ಯಾರು ಎಂಬುದರಲ್ಲಿ.

ಇಲ್ಲಿ ಆಚಾರ್ಯರ ಮಾತಿಗೆ ಕಿವಿಗೊಡಬೇಕು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕಾಗೆಗೆ ಇಡುವ ತುತ್ತು ದಯಾದತ್ತಿಯಲ್ಲಿ ಸೇರಬೇಕಾದದ್ದು. ಆದರೆ ಆಚಾರ್ಯರು ದಯಾದತ್ತಿಯ ತಿರುಳನ್ನು ಅನ್ನದಲ್ಲಿ ಇಡಲಿಲ್ಲ. ಪ್ರಾಣಿಸಮೂಹಕ್ಕೆ ಅಭಯವನ್ನು ಕೊಡುವುದರಲ್ಲಿ ಇಟ್ಟರು. ಒಂದಕ್ಕೆ ತುತ್ತು, ಮತ್ತೊಂದಕ್ಕೆ ಭಯ ಎಂದಾದಲ್ಲಿ ದಯಾದತ್ತಿ ಅರ್ಧಕ್ಕೆ ನಿಂತಿತು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡತಕ್ಕ ಖರಕರ್ಮಗಳನ್ನು ಹೇಳುವಾಗ, ಪ್ರಾಣಿಘಾತಕ ಜೀವಿಗಳನ್ನು ಪೋಷಿಸುವ ‘ಅಸತೀಪೋಷ’ವನ್ನೂ ಎತ್ತುತ್ತಾರೆ. ಸ್ವತಂತ್ರವಾಗಿ ಹಾರಾಡುವ ಕಾಗೆಗೆ ಆ ಮಾತು ಅಕ್ಷರಶಃ ಅನ್ವಯಿಸದಿದ್ದರೂ ಆಶಯ ಅನ್ವಯಿಸುತ್ತದೆ. ದೆಹಲಿಯ ಕೆಂಪುಕೋಟೆಯ ಎದುರು ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಧರ್ಮಾಸ್ಪತ್ರೆಯಲ್ಲಿ ಬೇಟೆಯಾಡುವ ಹಕ್ಕಿಗಳಿಗೂ ಮದ್ದು ಕಟ್ಟುತ್ತಾರೆ. ಆದರೆ ಒಳಗಿರಿಸಿಕೊಂಡು ಸಾಕುವುದಿಲ್ಲ. ನೋವಿಗೆ ಔಷಧವುಂಟು, ಹಿಂಸೆಗೆ ಪೋಷಣೆಯಿಲ್ಲ ಎಂಬ ಈ ಗೆರೆ ಎಷ್ಟು ಸೂಕ್ಷ್ಮವಾದದ್ದು!

ಇನ್ನು ಮುನಿಗಳ ಆಹಾರದ ವಿಚಾರ. ವಟ್ಟಕೇರಾಚಾರ್ಯರ ಮೂಲಾಚಾರದ ಪಿಂಡಶುದ್ಧಿ ಪ್ರಕರಣದಲ್ಲಿ ಹೇಳಿದ ಮೂವತ್ತೆರಡು ಅಂತರಾಯಗಳಲ್ಲಿ ಮೊತ್ತಮೊದಲನೆಯದರ ಹೆಸರೇ ‘ಕಾಕ’. ಚರ್ಯೆಗೆ ಹೊರಟ ಅಥವಾ ನಿಂತ ಮುನಿಯ ಮೈಮೇಲೆ ಕಾಗೆ ಮೊದಲಾದ ಹಕ್ಕಿ ಹಿಕ್ಕೆ ಹಾಕಿದರೆ ಅಂತರಾಯ. ಮುಂದೆ ಅದೇ ಪಟ್ಟಿಯಲ್ಲಿ ‘ಕಾಕಾದಿಪಿಂಡಹರಣ’ವಿದೆ, ಕಾಗೆ ಮೊದಲಾದವು ಕರಪಾತ್ರೆಯ ತುತ್ತನ್ನು ಕಸಿದರೆ ಆಹಾರ ಅಲ್ಲಿಗೇ ನಿಂತಿತು. ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲಿಯೇ ಆಹಾರ ಸ್ವೀಕರಿಸುವ ಮಹಾತ್ಮರು ಆ ದಿನ ನೀರನ್ನೂ ಮುಟ್ಟದೆ ಹಿಂದಿರುಗುತ್ತಾರೆ. ಮನುಷ್ಯನ ಕೈಯಲ್ಲಿ ತುತ್ತಿರುವುದು ತನಗಾಗಿ ಎಂದು ಕಲಿತ ಕಾಗೆಗೆ ಗೃಹಸ್ಥನ ಕೈ ಯಾವುದು, ಕರಪಾತ್ರೆ ಯಾವುದು ಎಂಬ ಭೇದ ತಿಳಿಯದು. ಪಡಗಾಹನಕ್ಕೆಂದು ಕಲಶ ಹಿಡಿದು ನಿಂತ ಶ್ರಾವಕಿ, ತಾನೇ ವರ್ಷಗಟ್ಟಲೆ ಸಾಕಿದ ಸ್ನೇಹದಿಂದಾಗಿ ತನ್ನ ಬಾಗಿಲಿನಲ್ಲಿಯೇ ಅಂತರಾಯವನ್ನು ಕಾಣಬೇಕಾದೀತು. ಎರಡು ಪುಣ್ಯಕಾರ್ಯಗಳು ಒಂದನ್ನೊಂದು ಹೀಗೆ ತಡೆದ ಸನ್ನಿವೇಶಕ್ಕಿಂತ ನೋವಿನದು ಬೇರೆ ಯಾವುದಿದೆ?

ಕಡಲಾಚೆಯ ಇನ್ನೊಂದು ನಿದರ್ಶನ ಬಂದರುಪಟ್ಟಣವಾದ ಮಂಗಳೂರಿಗೆ ವಿಶೇಷವಾಗಿ ತಿಳಿದಿರಬೇಕಾದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಆಫ್ರಿಕದ ಪೂರ್ವತೀರದ ಜಾಂಜಿಬಾರ್ ದ್ವೀಪಕ್ಕೆ ಭಾರತದ ಈ ಊರಕಾಗೆಯನ್ನು ಮನುಷ್ಯರೇ ಒಯ್ದರು. ಬೀದಿಯ ಎಂಜಲನ್ನು ತಿಂದು ಊರನ್ನು ಶುಚಿಯಾಗಿಡಲಿ ಎಂಬುದು ಉದ್ದೇಶ. ಕಾಗೆ ಒಪ್ಪಿಸಿದ ಕೆಲಸವನ್ನು ಮಾಡಿತು, ಒಪ್ಪಿಸದ ಕೆಲಸವನ್ನೂ ಮಾಡಿತು. ಅಲ್ಲಿನ ಸಣ್ಣ ಹಕ್ಕಿಗಳ ಮೊಟ್ಟೆ-ಮರಿಗಳನ್ನು ತಿಂದು ಬೆಳೆಯಿತು; ಕಾಲಕ್ರಮದಲ್ಲಿ ಮೊಂಬಾಸಾ ಮೊದಲಾದ ಕರಾವಳಿಯ ಪಟ್ಟಣಗಳನ್ನೂ ತುಂಬಿತು. 2024ರ ಜೂನ್ ತಿಂಗಳಲ್ಲಿ ಕೆನ್ಯಾ ದೇಶದ ವನ್ಯಜೀವಿ ಇಲಾಖೆಯು ಆ ವರ್ಷ ಮುಗಿಯುವುದರೊಳಗೆ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವುದಾಗಿ ಪ್ರಕಟಿಸಿತು. ಸಾಧನ, ವಿಷ. ಹತ್ತು ಲಕ್ಷ ಪಂಚೇಂದ್ರಿಯ ಜೀವಗಳು! ಕರೆತಂದವರ ಕೈ ಒಂದು, ವಿಷವಿಡುವವರ ಕೈ ಮತ್ತೊಂದು. ನಡುವೆ ಇರುವುದು ಸುಮಾರು ನೂರಮೂವತ್ತು ವರ್ಷಗಳ ಎಂಜಲು.

ಮಂಗಳೂರಿನಲ್ಲಿಯೂ ಕಾಗೆಗೆ ಎಂಜಲಿನ ಕೊರತೆಯಿಲ್ಲ. ಬಂದರಿನ ದಕ್ಕೆಯಲ್ಲಿ ದೋಣಿಗಳು ಮೀನಿಳಿಸುವಲ್ಲಿ, ಮಾರುಕಟ್ಟೆಯ ಹಿಂಬದಿಯಲ್ಲಿ ಅವುಗಳಿಗೆ ನಿತ್ಯವೂ ಹಬ್ಬ. ಪಚ್ಚನಾಡಿಯಲ್ಲಿ ನಗರದ ಕಸ ಗುಡ್ಡವಾಗಿ ಬೆಳೆದು, 2019ರ ಆಗಸ್ಟ್ ತಿಂಗಳ ಮಳೆಗೆ ಜಾರಿ ಮಂದಾರದ ತೋಟ-ಮನೆಗಳನ್ನು ಹೂತುಹಾಕಿದ್ದನ್ನು ನೋಡಿದವರಿಗೆ ಎಂಜಲಿನ ಪ್ರಮಾಣವನ್ನು ವಿವರಿಸಬೇಕಾಗಿಲ್ಲ. ಮನುಷ್ಯನ ಪ್ರೀತಿ ಎಷ್ಟು ಬೇಗ ಭೀತಿಯಾಗುತ್ತದೆ ಎಂಬುದೂ ಇಲ್ಲಿ ಕಂಡಿದೆ. 2021ರ ಜನವರಿಯಲ್ಲಿ ದೇಶದ ಹಲವೆಡೆ ಹಕ್ಕಿಜ್ವರ ಕಾಣಿಸಿಕೊಂಡಿದ್ದಾಗ ಮಂಗಳೂರಿನ ಸಮೀಪದ ಮಂಜನಾಡಿಯಲ್ಲಿ ಕೆಲವು ಕಾಗೆಗಳು ಸತ್ತುಬಿದ್ದವು. ಮಾದರಿಗಳು ಪರೀಕ್ಷೆಗೆ ಹೋದವು, ಸುತ್ತಲೂ ದಿಗಿಲು ಹಬ್ಬಿತು. ದೇಶದ ಕಾಯಿದೆಯಲ್ಲಿ ಕಾಗೆಯ ಹೆಸರು ಬಹುಕಾಲ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯು ಆ ಪಟ್ಟಿಯನ್ನೇ ತೆಗೆದುಹಾಕಿತು. ಮತ್ತೆ ಅಂತಹ ಪಟ್ಟಿ ಬಾರದಂತೆ ನೋಡಿಕೊಳ್ಳುವುದು ಕಾಗೆಯನ್ನು ಪ್ರೀತಿಸುವವರ ಹೊಣೆಯೇ.

ಶ್ರೇಣಿಕನ ಪೂರ್ವಭವದ ಕಥೆಯನ್ನು ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ ಹೇಳಿದ್ದಾರೆ. ವಿಂಧ್ಯದ ಕಾಡಿನ ಖದಿರಸಾರನೆಂಬ ಬೇಡನು ಸಮಾಧಿಗುಪ್ತ ಮುನಿಗಳಿಗೆ ಕೈಮುಗಿದನು. ಮದ್ಯ-ಮಾಂಸ-ಮಧುಗಳನ್ನು ಬಿಡಲಾರೆನೆಂದನು. ಮುನಿಗಳು ಅವನನ್ನು ಗದರಿಸಲಿಲ್ಲ. ಕಾಗೆಯ ಮಾಂಸವನ್ನು ಹಿಂದೆ ತಿಂದಿದ್ದೀಯೋ ಎಂದು ಕೇಳಿದರು. ಇಲ್ಲವೆಂದಾಗ, ಅದನ್ನಾದರೂ ಬಿಡು ಎಂದರು. ಮುಂದೆ ಅವನಿಗೆ ವ್ಯಾಧಿ ಬಂದು, ವೈದ್ಯನು ಕಾಗೆಯ ಮಾಂಸವೇ ಮದ್ದೆಂದನು. ಖದಿರಸಾರ ಒಪ್ಪಲಿಲ್ಲ. ಅವನ ಮನಸ್ಸನ್ನು ತಿರುಗಿಸಲು ಹೊರಟ ಮೈದುನ ಶೂರವೀರನಿಗೆ ದಾರಿಯಲ್ಲಿ ಆಲದ ಮರದಡಿ ಅಳುವ ಯಕ್ಷಿಯೊಬ್ಬಳು ಕಾಣಿಸಿದಳು. ಆ ವ್ರತದ ಫಲದಿಂದ ಖದಿರಸಾರ ತನ್ನ ಪತಿಯಾಗಲಿರುವನೆಂದೂ, ವ್ರತಭಂಗವಾದರೆ ನರಕಕ್ಕೆ ಇಳಿಯುವನೆಂದೂ ತಿಳಿಸಿದಳು. ಇದನ್ನು ಕೇಳಿದ ಖದಿರಸಾರ ಐದು ಅಣುವ್ರತಗಳನ್ನೂ ಪೂರ್ಣವಾಗಿ ಹಿಡಿದು, ಯಕ್ಷಿಯ ಎಣಿಕೆಯನ್ನೂ ಮೀರಿ ಸೌಧರ್ಮಕಲ್ಪದಲ್ಲಿ ದೇವನಾದನು. ಬಳಿಕ ಶ್ರೇಣಿಕನಾಗಿ ಹುಟ್ಟಿದನು. ಗಮನಿಸಬೇಕು: ಖದಿರಸಾರ ಯಾವ ಕಾಗೆಗೂ ಒಂದು ಅಗುಳನ್ನೂ ಇಟ್ಟವನಲ್ಲ. ಕಾಗೆಗಳಿಗೆ ಅವನ ಮುಖದ ಪರಿಚಯವೂ ಇರಲಿಲ್ಲ. ಕೊಟ್ಟದ್ದು ಅಭಯವೊಂದನ್ನೇ.

ಹಾಗಾದರೆ ಇಂದಿನವರೆಗೆ ಇಟ್ಟವರು ನಾಳೆಯಿಂದ ಬಾಗಿಲು ಮುಚ್ಚಬೇಕೇ? ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅನ್ನಪಾನನಿರೋಧ’ವನ್ನು ತತ್ತ್ವಾರ್ಥಸೂತ್ರ ಹೇಳುವುದರಿಂದ ಈ ಅಂಜಿಕೆ ಸಹಜ. ಅದು ಮುಖ್ಯವಾಗಿ ಕಟ್ಟಿಹಾಕಿದ, ಬೇರೆಡೆ ಹುಡುಕಿ ತಿನ್ನಲಾರದ ಪರಾಧೀನ ಜೀವಿಗಳನ್ನು ಕುರಿತದ್ದು. ಕಾಗೆಗೆ ಊರೆಲ್ಲ ಅನ್ನವುಂಟು. ಆದರೂ ವರ್ಷಗಳ ರೂಢಿಯನ್ನು ಒಮ್ಮೆಲೇ ಕಡಿಯದೆ, ಹೊತ್ತನ್ನು ಬದಲಿಸುತ್ತ, ಪ್ರಮಾಣವನ್ನು ಕುಗ್ಗಿಸುತ್ತ ಬರುವುದು ಲೇಸು. ಬೇಸಗೆಯಲ್ಲಿ ಅಗಲವಾದ ಪಾತ್ರೆಯಲ್ಲಿ ಸೋಸಿದ ನೀರಿಟ್ಟರೆ ಕಾಗೆಯೂ ಕುಡಿಯುತ್ತದೆ, ಪಿಕಳಾರವೂ ಕುಡಿಯುತ್ತದೆ. ಗಾಯಗೊಂಡ ಹಕ್ಕಿ ಅಂಗಳಕ್ಕೆ ಬಿದ್ದರೆ ಔಷಧದಾನಕ್ಕೆ ಯಾವ ತಡೆಯೂ ಇಲ್ಲ. ಮೈಮರೆತು ಕೈಯಿಂದ ತಿನ್ನಿಸುವುದನ್ನು ಮಾತ್ರ ಬಿಡಲೇಬೇಕು.

ಈ ಮಹೋತ್ಸವದ ಮಟ್ಟಿಗೆ ಸ್ವಯಂಸೇವಕರಲ್ಲಿ ಒಂದು ವಿಜ್ಞಾಪನೆ. ಭೋಜನಶಾಲೆಯ ಎಂಜಲೆಲೆಗಳನ್ನು ತೆರೆದ ಬುಟ್ಟಿಯಲ್ಲಿ ಬಿಡದೆ ಪಂಕ್ತಿ ಎದ್ದೊಡನೆ ಮುಚ್ಚಿ ಸಾಗಿಸಬೇಕು. ಬಲಿಗಲ್ಲಿನ ಅಕ್ಷತೆ-ನೈವೇದ್ಯಗಳನ್ನು ಪೂಜೆಯಾದ ಮೇಲೆ ತೆಗೆದಿಡಬೇಕು. ಮುನಿಸಂಘವು ಚರ್ಯೆಗೆ ಹೊರಡುವ ಬೀದಿಯ ಮನೆಗಳವರು ಈ ದಿನಗಳಲ್ಲಿ ಗೋಡೆಯ ಮೇಲೆ ತುತ್ತಿಡದಿರುವುದು ಉಚಿತ. ಮೊದಲ ಒಂದೆರಡು ಬೆಳಿಗ್ಗೆ ಕಾಗೆಗಳು ಬಂದು ಕಿಟಕಿಯನ್ನು ಕುಕ್ಕಿ ಕರೆದಾವು. ಆಗ ಅವನ್ನು ಕಲ್ಲೆಸೆದು ಓಡಿಸಬಾರದು.