ಆನೆ ನೋಡಿಕೊಳ್ಳಲು ಹೋಗಿ ನಾಯಿ ಕಚ್ಚಿಸಿಕೊಂಡಿದ್ದು

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಎರಡನೇ ಸಾಲಿನಲ್ಲಿ ಅಮ್ಮ ಕೂತು ನನ್ನನ್ನೇ ದಿಟ್ಟಿಸುತ್ತಿದ್ದಾರೆ. ನಾನು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಮಾತಿನ ಮಧ್ಯೆ ಮರಾಠಿ ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅಜ್ಜನ ಮನೆ ಶಿವಮೊಗ್ಗ. ಬೇಸಿಗೆ ರಜೆಗೆ ಹೋದಾಗಲೆಲ್ಲ ಅಜ್ಜ ಬೆಳಿಗ್ಗೆಯೇ ಎಬ್ಬಿಸಿ ಸಕ್ರೆಬೈಲಿಗೆ ಕರೆದುಕೊಂಡು ಹೋಗುತ್ತಿದ್ದರು. ತುಂಗೆಯ ಹಿನ್ನೀರಿನಲ್ಲಿ ಆನೆಗಳು ಮಗ್ಗುಲಾಗಿ ಮಲಗಿ ಮೈ ಉಜ್ಜಿಸಿಕೊಳ್ಳುವುದನ್ನು ನೋಡುತ್ತಾ ನಿಂತರೆ ನನಗೆ ತಿಂಡಿಯೂ ಬೇಡ. ಒಮ್ಮೆ ಅಜ್ಜ ನನ್ನನ್ನು ಆನೆಯ ಮೇಲೆ ಕೂರಿಸಿ ಫೋಟೋ ತೆಗೆಸಿದ್ದರು. ಅದು ಇವತ್ತಿಗೂ ನಮ್ಮ ಹಾಲ್‌ನಲ್ಲಿದೆ. ಆ ಫೋಟೋ ವಿಷಯಕ್ಕೆ ಆಮೇಲೆ ಬರುತ್ತೇನೆ.

2019ರ ಫೆಬ್ರುವರಿಯಲ್ಲಿ, ಒಂದು ಕೆಲಸ ಬಿಟ್ಟು ಇನ್ನೊಂದು ಸೇರುವ ಮುಂಚೆ, ಎರಡು ವಾರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಹತ್ತಿರದ ಒಂದು ಆನೆ ಆಶ್ರಯಧಾಮಕ್ಕೆ ಸ್ವಯಂಸೇವಕಿಯಾಗಿ ಹೋದೆ. ಅಲ್ಲಿ ಕೆಲಸ ಮಾಡಲು ನಾವೇ ದುಡ್ಡು ಕೊಡಬೇಕು. ಇದನ್ನು ಹೇಳಿದಾಗ ಅಪ್ಪ ಪೇಪರ್ ಕೆಳಗಿಟ್ಟು, "ಸಗಣಿ ಬಾಚೋದಕ್ಕೆ ನಾವು ದುಡ್ಡು ಕೊಡಬೇಕಾ?" ಅಂತ ಕೇಳಿದರು. ಹೌದಪ್ಪಾ ಅಂದೆ.

ಎಡವಟ್ಟು ಮೊದಲ ದಿನವೇ ಶುರು. ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ನಾನು ಇಳಿದದ್ದು ಸುವರ್ಣಭೂಮಿಯಲ್ಲಿ. ಬೋರ್ಡ್ ನೋಡಿ ನಮ್ಮದೇ ಹೆಸರಲ್ವಾ ಅಂತ ಖುಷಿಪಟ್ಟೆ. ಅವರ ಬಾಯಲ್ಲಿ ಅದು 'ಸುವನ್ನಪೂಮ್'. ಚಿಯಾಂಗ್ ಮಾಯ್ ವಿಮಾನ ಇದ್ದದ್ದು ಊರಿನ ಇನ್ನೊಂದು ಕಡೆಯ ಡಾನ್ ಮುಯಾಂಗ್‌ನಿಂದ. ಟಿಕೆಟ್ ಮೇಲೆ ಸ್ಪಷ್ಟವಾಗಿ ಬರೆದಿತ್ತು, ನಾನು ಓದಿರಲಿಲ್ಲ. ಟ್ಯಾಕ್ಸಿಯಲ್ಲಿ ಓಡಿದರೂ ವಿಮಾನ ತಪ್ಪಿತು. ಮರುದಿನ ಚಿಯಾಂಗ್ ಮಾಯ್‌ನಲ್ಲಿ ಎಟಿಎಂ ನನ್ನ ಕಾರ್ಡನ್ನು ನುಂಗಿಹಾಕಿತು. ಅಮ್ಮನಿಗೆ ಫೋನ್ ಮಾಡಿ "ಎಲ್ಲಾ ಚೆನ್ನಾಗಿದೆ" ಅಂದೆ. ಆ ಎರಡು ವಾರದಲ್ಲಿ ಅತಿ ಹೆಚ್ಚು ಸಲ ಹೇಳಿದ ಮಾತೇ ಅದು.

ಇನ್ನು ಕೆಲಸ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಬೆಳಿಗ್ಗೆ ಜೋಳದ ದಂಟು ಕೊಯ್ಯುವುದು, ಲಾರಿಗೆ ತುಂಬುವುದು, ಕುಂಬಳಕಾಯಿ ತೊಳೆದು ಹೆಚ್ಚುವುದು, ಲದ್ದಿ ಎತ್ತುವುದು. ಆನೆಗೆ ಜೀವಮಾನದಲ್ಲಿ ಆರು ಸಲ ದವಡೆ ಹಲ್ಲು ಬರುತ್ತವಂತೆ. ಕೊನೆಯದೂ ಸವೆದರೆ ಅಗಿಯಲಾಗದೆ ಸೊರಗುತ್ತದೆ. ಅಂಥ ಮುದಿ ಆನೆಗಳಿಗೆ ಅನ್ನ, ಬಾಳೆಹಣ್ಣು ಕಿವುಚಿ ಉಂಡೆ ಕಟ್ಟಿ ಸೊಂಡಿಲಿಗೆ ಕೊಡಬೇಕು. ಉಂಡೆ ಕಟ್ಟುವುದರಲ್ಲಿ ಮಾತ್ರ ಫಸ್ಟ್ ಬಂದವಳು ನಾನೇ. ರಾಗಿಮುದ್ದೆಯ ಕೈ ಇದು!

ನನ್ನ ಪಾಲಿಗೆ ಬಂದ ಆನೆಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಬೆನ್ನು ನಡುವೆ ತಗ್ಗಾಗಿತ್ತು. ವರ್ಷಗಟ್ಟಲೆ ಕಬ್ಬಿಣದ ಕುರ್ಚಿ ಕಟ್ಟಿ ಪ್ರವಾಸಿಗಳನ್ನು ಹೊರಿಸಿದ್ದರು. ಆನೆಯ ಬೆನ್ನುಮೂಳೆ ಮೇಲಕ್ಕೆ ಚಾಚಿರುತ್ತದೆ, ಕುರ್ಚಿಯ ಭಾರವೆಲ್ಲ ಅಲ್ಲೇ ಒತ್ತುತ್ತದೆ. ಅದಕ್ಕೂ ಮುಂಚೆ ಅದು ಕಾಡಿನಲ್ಲಿ ದಿಮ್ಮಿ ಎಳೆದಿತ್ತಂತೆ. 1989ರಲ್ಲಿ ಥಾಯ್ಲೆಂಡ್ ಕಾಡಿನ ಮರ ಕಡಿಯುವುದನ್ನು ನಿಷೇಧಿಸಿತು. ಕಾಡಿಗೆ ಒಳ್ಳೆಯದಾಯಿತು. ಆದರೆ ಆನೆಗೂ ಮಾವುತನಿಗೂ ಒಂದೇ ಏಟಿಗೆ ಕೆಲಸ ಹೋಯಿತು. ಎಷ್ಟೋ ಮಂದಿ ಆನೆ ಹಿಡಿದು ಪೇಟೆ ಬೀದಿಯಲ್ಲಿ ಬೇಡಿದರು, ಉಳಿದವರು ಸವಾರಿಗೆ ಇಳಿದರು.

ಅಲ್ಲಿನ ಮಾವುತ ಕರೆನ್ ಬುಡಕಟ್ಟಿನವರು, ನಮ್ಮ ಅಪ್ಪನ ವಯಸ್ಸು. ಸವಾರಿ ಮಾಡಿಸುವುದು ತಪ್ಪು ಅಂತ ನಾನು ಜೋರಾಗಿ ಭಾಷಣ ಬಿಗಿದೆ. ಗೈಡ್ ಹುಡುಗಿ ಅದನ್ನು ಅವರಿಗೆ ತಿಳಿಸಿದಳು. ಅವರು ನಗುತ್ತಾ ಕೇಳಿದ್ದು ಇಷ್ಟೇ: "ನೀನು ಎರಡು ವಾರಕ್ಕೆ ಹೋಗ್ತೀಯ. ಆಮೇಲೆ ಇವಳಿಗೆ ಊಟ ಯಾರು ಹಾಕ್ತಾರೆ?" ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಸರಿಯಾದ ಉತ್ತರ ನನ್ನಲ್ಲಿಲ್ಲ. ನಾನು ಕೊಟ್ಟ ದುಡ್ಡು ಮೇವಿಗೆ ಹೋಯಿತು, ಅದೊಂದೇ ಸಮಾಧಾನ. ನಾನು ಬಾಚಿದ ಲದ್ದಿಯನ್ನು ಬೇರೆ ಯಾರಾದರೂ ಬಾಚುತ್ತಿದ್ದರು.

ಆರನೇ ದಿನ ಸಂಜೆ ಅಲ್ಲಿನ ಬೀದಿನಾಯಿಗಳ ವಿಭಾಗದಲ್ಲಿ ತಟ್ಟೆ ಎತ್ತಲು ಬಗ್ಗಿದೆ. ಹೊಸದಾಗಿ ಬಂದಿದ್ದ ಕಂದು ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ತಪ್ಪು ನನ್ನದೇ. ಉಣ್ಣುವ ನಾಯಿಯ ತಟ್ಟೆಗೆ ಕೈ ಹಾಕಬೇಡಿ ಅಂತ ಬೆಳಿಗ್ಗೆಯೇ ಹೇಳಿದ್ದರು. ನನ್ನ ಜೊತೆಗಿದ್ದ ತೈವಾನಿನ ಹಿರಿಯ ಹೆಂಗಸು ನನ್ನನ್ನು ದರದರ ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಸೋಪು ಹಾಕಿ ಗಾಯ ತೊಳೆದರು. ಇದನ್ನು ನೀವೆಲ್ಲ ದಯವಿಟ್ಟು ನೆನಪಿಡಿ. ಅರಿಶಿನ, ಸುಣ್ಣ ಏನೂ ಬೇಡ. ಸೋಪು, ಹರಿಯುವ ನೀರು, ತಕ್ಷಣ ಆಸ್ಪತ್ರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಗಾಯದ ಸುತ್ತಲೇ ಒಂದು ಇಂಜೆಕ್ಷನ್ ಚುಚ್ಚಿದರು, ತೋಳಿಗೆ ಲಸಿಕೆ ಹಾಕಿದರು. ಕಾರ್ಡ್ ಇಲ್ಲ, ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಯೇ ಇರಲಿಲ್ಲ. ಬಿಲ್ ಕಟ್ಟಿದ್ದೂ ಆ ತೈವಾನಿನ ಅಕ್ಕನೇ. ರಾತ್ರಿ ಅಮ್ಮನಿಗೆ ಫೋನ್: "ಎಲ್ಲಾ ಚೆನ್ನಾಗಿದೆ."

ಮೂರು ಡೋಸ್ ಅಲ್ಲೇ ಆಯಿತು. ಹದಿನಾಲ್ಕನೇ ದಿನದ್ದು, ಇಪ್ಪತ್ತೆಂಟನೇ ದಿನದ್ದು ಇಲ್ಲಿ ಬಂದು ಹಾಕಿಸಿಕೊಳ್ಳಬೇಕಿತ್ತು. ಗುಟ್ಟಾಗಿ ಹೋಗಿ ಬರೋಣ ಅಂದುಕೊಂಡಿದ್ದೆ. ಬಟ್ಟೆ ಒಗೆಯಲು ಹಾಕುವಾಗ ಅಮ್ಮನಿಗೆ ಜೀನ್ಸ್ ಜೇಬಿನಲ್ಲಿ ಲಸಿಕೆ ಚೀಟಿ ಸಿಕ್ಕಿತು. ಥಾಯ್ ಅಕ್ಷರ ಅರ್ಥವಾಗಲಿಲ್ಲ, ರೇಬಿಸ್ ಅನ್ನುವ ಇಂಗ್ಲಿಷ್ ಪದ ಅರ್ಥವಾಯಿತು. ಅಮ್ಮ ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೂರನೇ ದಿನ, "ಚೆನ್ನಾಗಿದೆ ಅಂತ ನೀನು ಹೇಳಿದ ರಾತ್ರಿ ನಾನು ನಿಶ್ಚಿಂತೆಯಿಂದ ಮಲಗಿದ್ದೆನಲ್ಲ" ಅಂದರು. ನಾಲ್ಕನೇ ಡೋಸಿಗೆ ಜೊತೆಗೆ ಬಂದು ಸಾಲಿನಲ್ಲಿ ನಿಂತರು. ಅಷ್ಟರಲ್ಲಿ ಅಲ್ಲಿಂದ ಸುದ್ದಿ ಬಂದಿತ್ತು, ಹತ್ತು ದಿನ ಕಾದು ನೋಡಿದ ನಾಯಿ ಆರಾಮಾಗಿದೆ ಅಂತ. ಅದರ ಫೋಟೋ ತೋರಿಸಿದೆ. "ಮುಖ ನೋಡಿದರೆ ಪಾಪ ಅನ್ನಿಸುತ್ತೆ" ಅಂದರು ಅಮ್ಮ.

ಹಾಲ್‌ನ ಫೋಟೋ ತೆಗೆದುಬಿಡೋಣ, ಆನೆ ಮೇಲೆ ಕೂತದ್ದನ್ನು ನೋಡಿದರೆ ನಾಚಿಕೆಯಾಗುತ್ತದೆ ಅಂದೆ. ಅಮ್ಮ ಒಪ್ಪಲಿಲ್ಲ. ಅದರಲ್ಲಿ ಒಂದು ಪಕ್ಕಕ್ಕೆ ನಿನ್ನ ಕಾಲು ಹಿಡಿದುಕೊಂಡು ಅಜ್ಜ ನಿಂತಿದ್ದಾರೆ, ನೀನು ಅವರನ್ನು ನೋಡು ಅಂದರು. ಫೋಟೋ ಅಲ್ಲೇ ಇದೆ.

ಏನಾದರೂ ಕೇಳುವುದಿದ್ದರೆ ಕೇಳಿ. ಒಟ್ಟು ಎಷ್ಟು ಖರ್ಚಾಯಿತು ಅಂತ ಮಾತ್ರ ಅಮ್ಮನ ಮುಂದೆ ಕೇಳಬೇಡಿ.